ಚಿನ್ನಪ್ಪ ಮೇಷ್ಟ್ರ ಕ್ಲಾರಿಯೊನೆಟ್ಟಿಗೆ ನಾನು ಶ್ರುತಿ ಕಲಿಸಿದ್ದು

ನಮ್ಮ ಮನೆಯ ಕುಕ್ಕರು ಅಪಶ್ರುತಿಯಲ್ಲಿ ಕೂಗುತ್ತದೆ. ಮೊದಲ ಎರಡು ಸೀಟಿ ಸರಿಯಾಗಿಯೇ ಬರುತ್ತವೆ, ಮೂರನೆಯದು ಕೂದಲೆಳೆಯಷ್ಟು ಇಳಿದುಬಿಡುತ್ತದೆ. ನಾನು ಪೇಪರು ಓದುತ್ತಾ ಕುಳಿತಲ್ಲಿಂದಲೇ ಅದನ್ನು ಹೇಳುತ್ತೇನೆ. ಬೇಳೆ ಬೆಂದರೆ ಸಾಕು, ನಿಮ್ಮ ಸರ್ಟಿಫಿಕೇಟು ಯಾರಿಗೂ ಬೇಕಾಗಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಉತ್ತರ ಕೊಡುತ್ತಾಳೆ. ಎದುರುಮನೆಯವರ ಕಾರು ಹಿಂದಕ್ಕೆ ಬರುವಾಗ ಹಾಡುವ ಹಾಡು, ತರಕಾರಿ ಗಾಡಿಯ ಧ್ವನಿವರ್ಧಕ, ದೇವಸ್ಥಾನದಲ್ಲಿ ಕರೆಂಟಿನಿಂದ ಬಾರಿಸಿಕೊಳ್ಳುವ ಆ ದರಿದ್ರ ಗಂಟೆ, ಯಾವುದನ್ನೂ ನನ್ನಿಂದ ಸುಮ್ಮನೆ ಕೇಳಿಸಿಕೊಳ್ಳಲು ಆಗುವುದಿಲ್ಲ. ಹಲ್ಲು ಕಚ್ಚಿಕೊಂಡು ಕೂರುತ್ತೇನೆ.

ಇದು ಸಂಗೀತ ಬಲ್ಲವನ ಜಂಬವೆಂದು ದಯವಿಟ್ಟು ತಿಳಿಯಬೇಡಿ. ನನಗೆ ಸಂಗೀತ ಬರುವುದಿಲ್ಲ. ನನಗೆ ಬರುವುದು ಅಪಶ್ರುತಿ ಮಾತ್ರ. ಅದನ್ನು ಒಂದೂಕಾಲು ವರ್ಷ ಕಷ್ಟಪಟ್ಟು ಕಲಿತಿದ್ದೇನೆ.

ತೊಂಬತ್ತರ ದಶಕದ ನಡುಭಾಗದ ಮಾತು. ಆಗ ನಾನು ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ದಾವಣಗೆರೆ ಬಿಟ್ಟು ಬಂದು ಹತ್ತು ವರ್ಷವಾಗಿತ್ತು. ದಾಸರಹಳ್ಳಿಯ ವಠಾರವೊಂದರಲ್ಲಿ ಎರಡು ಕೋಣೆಯ ಮನೆ, ಹೆಂಡತಿ, ಒಬ್ಬಳು ಮಗಳು. ನನ್ನ ಕೆಲಸ ಅಳೆಯುವುದು. ಲೇತಿನಲ್ಲಿ ತಿರುಗಿ ಬಂದ ಒಂದೊಂದು ತುಂಡನ್ನೂ ಮೈಕ್ರೋಮೀಟರಿನಲ್ಲಿ ಹಿಡಿದು ನೋಡಬೇಕು, ಕೂದಲಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾಗಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯಬೇಕು. ಇಡೀ ಷಾಪಿನಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನನಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು. ಜಗತ್ತಿನಲ್ಲಿ ಯಾವ ತಪ್ಪಿದ್ದರೂ ಅಳೆದರೆ ಸಿಗುತ್ತದೆ, ಸಿಕ್ಕಿದರೆ ತಿದ್ದಬಹುದು ಎಂದು ನಾನು ದೇವರಾಣೆಗೂ ನಂಬಿದ್ದೆ. ಈ ನಂಬಿಕೆ ಎಷ್ಟು ಅನಾಹುತ ಮಾಡಿತೆಂದು ಮುಂದೆ ಹೇಳುತ್ತೇನೆ, ನಗಬೇಡಿ.

ಚಿನ್ನಪ್ಪ ನಮ್ಮ ಕಾರ್ಖಾನೆಯ ಗೇಟಿನ ಸೆಕ್ಯೂರಿಟಿ. ಐವತ್ತೈದರ ಆಸುಪಾಸು. ಸೆಕ್ಯೂರಿಟಿಯವರ ಸಮವಸ್ತ್ರವನ್ನು ಅವರಷ್ಟು ಠೀವಿಯಿಂದ ತೊಡುತ್ತಿದ್ದವರು ಪೀಣ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, ಕಾಗದದಲ್ಲಿ ಸುತ್ತಿದ್ದ ಒಂದು ತುಂಡಾದ ಸ್ಕ್ರೂವನ್ನು ಬಿಚ್ಚಿ ತೋರಿಸಿ, ಇಂಥದ್ದೊಂದು ಮಾಡಿಸಿಕೊಡಲು ಆಗುತ್ತದಾ ಎಂದು ಕೇಳಿದರು. ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದ ಇತ್ತು. ಕಂಪನಿಯ ಯಂತ್ರದಲ್ಲಿ ಕದ್ದುಮುಚ್ಚಿ ಸ್ವಂತ ಕೆಲಸ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಫಾರಿನ್ ಜಾಬ್ ಎನ್ನುತ್ತಿದ್ದರು. ಪೀಣ್ಯದಲ್ಲಿ ಎಷ್ಟೋ ಮನೆಗಳ ಚಿಲಕ, ಬಾಗಿಲ ಹಿಡಿ, ಒರಳಿನ ಹಾರೆ ಇಂಥ ಫಾರಿನ್ನಿನಿಂದಲೇ ಬಂದವು. ನಾನು ನಿಯಮದ ಮನುಷ್ಯ, ಆದರೂ ಆ ಸ್ಕ್ರೂ ಅಷ್ಟು ಸಣ್ಣದಿತ್ತೆಂದು ಒಪ್ಪಿದೆ. ಟೂಲ್ ರೂಮಿನಲ್ಲಿ ಮಾಡಿಸಿ, ಅಳೆದು, ಪಾಸ್ ಮಾಡಿ ಕೊಟ್ಟೆ.

ಮರುದಿನ ಊಟದ ಬಿಡುವಿನಲ್ಲಿ ಚಿನ್ನಪ್ಪ ನನ್ನನ್ನು ಸೈಕಲ್ ಸ್ಟ್ಯಾಂಡಿನ ಹೊಂಗೆಮರದ ಕೆಳಕ್ಕೆ ಕರೆದರು. ಕೈಯಲ್ಲಿ ಒಂದು ಕಪ್ಪು ಕ್ಲಾರಿಯೊನೆಟ್ಟು. ನನ್ನ ಸ್ಕ್ರೂ ಅದರ ಕೀಲಿಯೊಂದರಲ್ಲಿ ಹೊಳೆಯುತ್ತಿತ್ತು. ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಜರಿಪಟ್ಟಿಯ ಕೆಂಪು ಕೋಟು ತೊಟ್ಟು ಊದಿದವರಂತೆ. ಆ ಠೀವಿಯ ಗುಟ್ಟು ನನಗೆ ಆಗ ತಿಳಿಯಿತು. ಮೇಲಿನ ಎರಡು ಮುಂದಲ್ಲು ಇಲ್ಲದ ಬಾಯಿಗೆ ಅದನ್ನಿಟ್ಟುಕೊಂಡು ಒಂದು ನಿಮಿಷ ನುಡಿಸಿದರು, ಅಷ್ಟೇ. ಏನು ನುಡಿಸಿದರೋ ನನಗೆ ತಿಳಿಯದು. ತಟ್ಟೆ ತೊಳೆದುಕೊಂಡು ಬರುತ್ತಿದ್ದವರು ನಿಂತಲ್ಲೇ ನಿಂತರು. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ವಿಷಯಕ್ಕೆ ಬಂದರು. ಮುಂದಲ್ಲು ಹೋದ ಮೇಲೆ ವಾದ್ಯ ಬಾಯಲ್ಲಿ ನಿಲ್ಲುವುದಿಲ್ಲ, ಒಂದು ನಿಮಿಷಕ್ಕೇ ದವಡೆ ಸೋಲುತ್ತದೆ. ಆದರೆ ಅವರ ಮನೆತನದಲ್ಲಿ ಒಂದು ಪದ್ಧತಿ. ಮನೆಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮನೆಯ ಕ್ಲಾರಿಯೊನೆಟ್ಟೇ ಮೊದಲು ನುಡಿಯಬೇಕು, ಅದರ ನಾಲ್ಕು ಸಾಲು ಮುಗಿದ ಮೇಲೆಯೇ ಮಿಕ್ಕವರ ಗಟ್ಟಿಮೇಳ. ಚಿನ್ನಪ್ಪನವರ ಮದುವೆಯಲ್ಲಿ ಅವರ ತಂದೆ ಇದೇ ವಾದ್ಯವನ್ನು ನುಡಿಸಿದ್ದರು. ಈಗ ಚಿನ್ನಪ್ಪನವರಿಗೆ ಇರುವುದು ಒಬ್ಬಳೇ ಮಗಳು, ಮಂಜುಳಾ. ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಗಂಡು ನೋಡುತ್ತಿದ್ದಾರೆ. ಹಳೆಯ ಬ್ಯಾಂಡಿನವರನ್ನೇ ಕರೆಯಬಹುದಲ್ಲ ಎಂದೆ. ಆಗುವುದಿಲ್ಲವಂತೆ, ಈ ಮನೆಯಲ್ಲಿ ಕಲಿತ ಬಾಯೇ ಆಗಬೇಕಂತೆ.

"ನೀವು ಕಲೀತೀರಾ ಸಾರ್?" ಎಂದರು. "ನಾಕೇ ನಾಕು ಸಾಲು. ಶ್ರುತಿ ಸೇರಿದ್ರೆ ಸಾಕು."

ನನಗಾಗ ಮೂವತ್ತೈದು. ನಾಲ್ಕು ಸಾಲು ತಾನೇ ಎಂದು ಒಪ್ಪಿಕೊಂಡೆ. ಬುದ್ಧಿಯಿದ್ದವರು ಮಾಡುವ ಕೆಲಸವಲ್ಲ.

ಚೊಕ್ಕಸಂದ್ರದಲ್ಲಿ ಅವರ ಮನೆ. ಭಾನುವಾರ ಬೆಳಿಗ್ಗೆ ಪಾಠ. ಜಗಲಿಯ ಮೇಲೆ ಅವರ ತಾಯಿ ಎಲೆಅಡಿಕೆ ಕುಟ್ಟುತ್ತಾ ಕೂತಿರುತ್ತಿದ್ದರು. ಮುಂದಿನ ಕೋಣೆಯಲ್ಲಿ ನಾನು ಮತ್ತು ಮೇಷ್ಟ್ರು, ಅಡುಗೆಮನೆಯ ಬಾಗಿಲಾಚೆ ಮಂಜುಳಾ ಪಾತ್ರೆ ತೊಳೆಯುವುದು. ಮೊದಲ ಐದು ವಾರ ಒಂದೇ ಸ್ವರ. ಅದೂ ಸ್ವರವಲ್ಲ, ಸೈಕಲ್ಲಿನ ಬ್ರೇಕು ಹಿಡಿದ ಸದ್ದು. ಬಾಯಿಗಿಡುವ ತುದಿಗೆ ಕಟ್ಟಿದ ತೆಳು ಪಟ್ಟಿ, ಆ ರೀಡನ್ನು ಎಷ್ಟು ನೆನೆಸಬೇಕು, ಕೆಳತುಟಿಯನ್ನು ಹಲ್ಲಿನ ಮೇಲೆ ಹೇಗೆ ಮಡಚಬೇಕು, ಉಸಿರು ಹೊಟ್ಟೆಯಿಂದ ಹೇಗೆ ಬರಬೇಕು ಎಂದು ಮೇಷ್ಟ್ರು ಒಂದೊಂದನ್ನೂ ಮೂರು ಮೂರು ಸಲ ಹೇಳುತ್ತಿದ್ದರು. ನಾನೇನು ಕಿವುಡನೋ ಎಂಬಂತೆ ಗಟ್ಟಿ ದನಿಯಲ್ಲಿ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಡಿಪ್ಲೊಮಾ ಮಾಡಿದವನಿಗೆ ಮಗ್ಗಿ ಹೇಳಿಕೊಟ್ಟ ಹಾಗೆ.

ಇನ್ನೊಂದು ನಿಯಮ ಬೇರೆ. ವಾದ್ಯ ಭಾನುವಾರದಿಂದ ಬುಧವಾರದವರೆಗೆ ನನ್ನ ಹತ್ತಿರ, ಬುಧವಾರ ಸಂಜೆ ಗೇಟಿನಲ್ಲಿ ಅವರಿಗೆ ಒಪ್ಪಿಸಬೇಕು. ವಾರವೆಲ್ಲ ಇದ್ದರೆ ಹೆಚ್ಚು ಅಭ್ಯಾಸವಾಗುತ್ತದಲ್ಲ ಎಂದರೆ, ವಾದ್ಯಕ್ಕೂ ರಜ ಬೇಕು ಸಾರ್ ಎನ್ನುತ್ತಿದ್ದರು. ಮೂರು ಪಾಳಿಯಲ್ಲಿ ಲೇತು ತಿರುಗಿಸುವ ನಮ್ಮ ಮ್ಯಾನೇಜರಿಗೆ ಈ ಮಾತು ಹೇಳಬೇಕಿತ್ತು.

ನಿಜವಾದ ನರಕ ಶುರುವಾದದ್ದು ಸ್ವರ ಹೊರಟ ಮೇಲೆ. ಕ್ಲಾರಿಯೊನೆಟ್ಟೆಂದರೆ ಹಾರ್ಮೋನಿಯಂ ಅಲ್ಲ, ಕಪ್ಪು ಬಿಳಿ ಮನೆ ಒತ್ತಿದರೆ ಸ್ವರ ಸಿಗುವುದಿಲ್ಲ. ತುಟಿ ಬಿಗಿದರೆ ಮೇಲೆ ಹೋಗುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಉಸಿರು ಹೆಚ್ಚಿದರೆ ಇನ್ನೇನೋ ಆಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡನ್ನೂ ಹೇಗೋ ಒಂದು ದಾರಿಗೆ ತಂದೆನೆನ್ನುವಾಗ ನಡುವೆ ಕೀಚ್ ಎಂದು ಒಂದು ಸದ್ದು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ. ಸ ಬಂತು, ರಿ ಬಂತು, ಹೇಗೋ ಮ ಬಂತು. ಪಂಚಮ ಮಾತ್ರ ಬರಲೇ ಇಲ್ಲ. ಪ್ರತಿ ಸಲವೂ ಇಳಿದೇ ಇರುತ್ತಿತ್ತು. ಆ ನಾಲ್ಕು ಸಾಲೂ ಪಂಚಮದಲ್ಲೇ ಬಂದು ನಿಲ್ಲುತ್ತಿದ್ದವು, ನನ್ನ ಹಣೆಬರಹ.

ಮೇಲೆ ಸಾರ್, ಎನ್ನುತ್ತಿದ್ದರು ಮೇಷ್ಟ್ರು. ಎಷ್ಟು ಮೇಲೆ ಎಂದು ನಾನು ಕೇಳುತ್ತಿದ್ದೆ. ಒಂಚೂರು. ಒಂಚೂರೆಂದರೆ ಎಷ್ಟು?

"ಸೇರೋವಷ್ಟು ಸಾರ್."

ಹೇಳಿ, ಇದೂ ಒಂದು ಉತ್ತರವೇ? ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಸಹಿ ಹಾಕುವ ಮನುಷ್ಯನಿಗೆ ಕೊಡುವ ಉತ್ತರವೇ? ಸೇರಿದೆಯೋ ಇಲ್ಲವೋ ಹೇಗೆ ಗೊತ್ತಾಗುವುದೆಂದು ರೇಗಿ ಕೇಳಿದರೆ, ಸೇರಿದಾಗ ಗೊತ್ತಾಗುತ್ತದೆ ಎಂದರು. ಆ ಭಾನುವಾರ ನಾನು ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಇದರ ಮೇಲೆ ಅಡುಗೆಮನೆಯಿಂದ ಪಾತ್ರೆಯ ಸದ್ದು. ನನ್ನ ಪಂಚಮ ಜಾರಿದಾಗಲೆಲ್ಲ ಒಳಗೆ ಒಂದು ತಟ್ಟೆ ಠಣ್ಣೆನ್ನುತ್ತಿತ್ತು. ಪಾಪ, ಹುಡುಗಿ ವಾರಕ್ಕೊಂದು ರಜದ ದಿನ ಈ ಹಿಂಸೆ ಸಹಿಸಬೇಕಲ್ಲ ಎಂದು ನಾನೇ ಕನಿಕರಪಟ್ಟುಕೊಂಡೆ. ಜಗಲಿಯ ಅಜ್ಜಿಗಂತೂ ದಾಕ್ಷಿಣ್ಯವೆಂಬುದೇ ಇರಲಿಲ್ಲ. ನಮ್ಮ ಹುಂಜ ಇದಕ್ಕಿಂತ ಚೆನ್ನಾಗಿ ಕೂಗುತ್ತದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಮನೆಯಲ್ಲಿಯೂ ಮರ್ಯಾದೆ ಉಳಿಯಲಿಲ್ಲ. ನಮ್ಮ ವಠಾರದ ಪಕ್ಕದ ಕೋಣೆಯಲ್ಲಿ ಬಾಗಲಕೋಟೆ ಕಡೆಯ ನಾಲ್ವರು ಗಾರೆ ಕೆಲಸದವರಿದ್ದರು, ಬಲು ಒಳ್ಳೆಯವರು. ಒಂದು ಸಂಜೆ ನಾನು ಬಾಗಿಲು ಹಾಕಿಕೊಂಡು ಊದುತ್ತಿದ್ದಾಗ ಅವರಲ್ಲೊಬ್ಬ ಗಾಬರಿಯಿಂದ ಕದ ತಟ್ಟಿದ. "ಅಣ್ಣಾರ, ಮನ್ಯಾಗ ಯಾರಿಗರೆ ಆರಾಮ ಇಲ್ಲೇನ್ರಿ? ಆಟೋ ಕರ್ಕೊಂಡ್ ಬರ್ಲೇನ್ರಿ?" ಎಂದು ಕೇಳಿದ. ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಊದುವುದೇ ಆದರೆ ಬಲೂನು ಊದಿಕೊಡಿ, ಮಗಳ ಹುಟ್ಟುಹಬ್ಬಕ್ಕಾದರೂ ಆಗುತ್ತದೆ ಎಂದು ಅವಳು ಆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು. ಹುಚ್ಚು ಬಿಡುವ ತನಕ ಮದುವೆಯಾಗಲ್ಲ, ಮದುವೆಯಾಗುವ ತನಕ ಹುಚ್ಚು ಬಿಡಲ್ಲ ಎಂಬ ಗಾದೆಯನ್ನು ನನಗಾಗಿಯೇ ಮಾಡಿದ್ದಾರೆಂದೂ ಸೇರಿಸಿದಳು. ಮದುವೆ ಬೇರೆಯವರದು, ಹುಚ್ಚು ಮಾತ್ರ ನನ್ನದು.

ಹೀಗೆ ಒಂದು ವರ್ಷ ಕಳೆದಾಗ ಮಂಜುಳೆಗೆ ನೆಲಮಂಗಲದ ಗಂಡು ಗೊತ್ತಾಯಿತು. ಮಾಘದಲ್ಲಿ ಮದುವೆ, ಬೆಳಗಿನ ಆರೂವರೆಗೆ ಮುಹೂರ್ತ. ಮೇಷ್ಟ್ರು ಲಗ್ನಪತ್ರಿಕೆ ತಂದು ಕೊಟ್ಟಾಗ ನಾನು ಮೊದಲು ದಿನ ಎಣಿಸಿದೆ. ಮೂರು ತಿಂಗಳಿದೆ, ನನ್ನ ಪಂಚಮ ಇನ್ನೂ ಪಾತಾಳದಲ್ಲಿದೆ. ಅಷ್ಟು ಜನ ಸೇರಿದ ಛತ್ರದಲ್ಲಿ, ಆ ಹುಡುಗಿಯ ಕೈಗೆ ಹಾಲೆರೆಯುವ ಹೊತ್ತಿನಲ್ಲಿ ನಾನು ಬೆಕ್ಕು ತುಳಿದರೆ? ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಕೈಮುಗಿದು ಹೇಳಿದೆ. ಅವರು ಒಪ್ಪಲಿಲ್ಲ. ನಮ್ಮಪ್ಪನ ವಾದ್ಯ ನುಡಿಯದೆ ನನ್ನ ಮಗಳ ಧಾರೆ ಆಗಬಾರದು ಸಾರ್, ಎಂದಷ್ಟೇ ಹೇಳಿ ಗೇಟಿಗೆ ಹೋದರು.

ಈಗ ನನ್ನ ಅನಾಹುತಕ್ಕೆ ಬರುತ್ತೇನೆ. ಒಂದು ವರ್ಷ ಸರಿಯಾಗಿ ಊದಿಯೂ ಒಂದೇ ಸ್ವರ ಇಳಿದಿರುತ್ತದೆಂದರೆ ತಪ್ಪು ಊದುವವನದಲ್ಲ, ವಾದ್ಯದ್ದು. ಇದು ಇನ್‌ಸ್ಪೆಕ್ಟರನ ತರ್ಕ. ಸಂದೇಹ ಬಂದದ್ದನ್ನು ಅಳೆಯಬೇಕು. ಅಳೆಯುವುದಕ್ಕೆ ನಮ್ಮ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ರೂಮು ಎಂಬ ಗರ್ಭಗುಡಿಯೇ ಇತ್ತು. ಲೋಹ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಆದ್ದರಿಂದ ಆ ಕೋಣೆಯನ್ನು ವರ್ಷವಿಡೀ ಎಸಿ ಹಾಕಿ ಸರಿಯಾಗಿ ಇಪ್ಪತ್ತು ಡಿಗ್ರಿಯಲ್ಲಿಡುತ್ತಾರೆ. ಅಲ್ಲಿ ಅಳೆದದ್ದೇ ಅಳತೆ. ಒಂದು ಸೋಮವಾರ ಬೆಳಿಗ್ಗೆ ಕ್ಲಾರಿಯೊನೆಟ್ಟನ್ನು ಟಿಫನ್ ಬ್ಯಾಗಿನಲ್ಲಿ ಒಳಗೆ ಸಾಗಿಸಿದೆ. ಪದ್ಧತಿಯ ಪ್ರಕಾರ ನಾಲ್ಕು ಗಂಟೆ ಆ ಕೋಣೆಯ ಕಲ್ಲಿನ ಮೇಜಿನ ಮೇಲೆ ಮಲಗಿಸಿದೆ, ಅದರ ಮೈಯೂ ಇಪ್ಪತ್ತು ಡಿಗ್ರಿಗೆ ಬರಲೆಂದು. ಊಟದ ಬಿಡುವಿನಲ್ಲಿ ಎಲ್ಲರೂ ಹೋದ ಮೇಲೆ, ಹೊಸದಾಗಿ ಕೊಂಡಿದ್ದ ಕರೆಂಟಿನ ಶ್ರುತಿಪೆಟ್ಟಿಗೆ ಹಚ್ಚಿ ಪಂಚಮ ಊದಿದೆ. ಇಳಿದಿತ್ತು. ನನ್ನ ಕಿವಿಗೇ ಸ್ಪಷ್ಟವಾಗಿ ಗೊತ್ತಾಗುವಷ್ಟು ಇಳಿದಿತ್ತು. ಆಗ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಕಳ್ಳ ಸಿಕ್ಕಿದ್ದ.

ಸ್ವರ ಏರಬೇಕೆಂದರೆ ಆ ಸ್ವರದ ತೂತು ದೊಡ್ಡದಾಗಬೇಕು. ಇಷ್ಟು ತಿಳಿಯಲು ಡಿಪ್ಲೊಮಾ ಸಾಕು. ತೂತನ್ನು ನುಣುಪಾಗಿ ದೊಡ್ಡದು ಮಾಡುವ ರೀಮರು ಟೂಲ್ ರೂಮಿನಲ್ಲಿ ಎಲ್ಲ ಅಳತೆಯಲ್ಲೂ ಇತ್ತು. ಕೈಯಲ್ಲೇ ಹಿಡಿದು ಮೂರು ಸುತ್ತು ತಿರುಗಿಸಿದೆ. ಅರ್ಧ ಮಿಲಿಮೀಟರು. ಕಪ್ಪು ಮರದ ಪುಡಿ ಕಾಗದದ ಮೇಲೆ ಉದುರಿತು. ಗೇಜು ಹಾಕಿ ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮತ್ತೆ ಊದಿದರೆ, ಆಹಾ, ಪಂಚಮ ಶ್ರುತಿಪೆಟ್ಟಿಗೆಯೊಂದಿಗೆ ಅಂಟಿಕೊಂಡಿತು. ಮೇಷ್ಟ್ರಿಗೆ ಹೇಳಬಾರದು, ಭಾನುವಾರ ಬೆರಗುಗೊಳಿಸಬೇಕು ಎಂದು ನಿರ್ಧರಿಸಿ, ಆ ವಾರ ಮನೆಯಲ್ಲಿ ಅದನ್ನು ಬಾಯಿಗೂ ಇಡಲಿಲ್ಲ. ಬುಧವಾರವೂ ಏನೋ ನೆಪ ಹೇಳಿ ವಾದ್ಯವನ್ನು ನನ್ನಲ್ಲೇ ಇಟ್ಟುಕೊಂಡೆ. ಮೇಷ್ಟ್ರ ಮುಖ ಯಾಕೋ ಸಪ್ಪಗಾಯಿತು.

ಭಾನುವಾರ ಅವರ ತಗಡಿನ ಮಾಡಿನ ಕೋಣೆಯಲ್ಲಿ, ಹನ್ನೊಂದರ ಬಿಸಿಲಿನಲ್ಲಿ, ಹತ್ತು ನಿಮಿಷ ಕೆಳಗಿನ ಸ್ವರಗಳನ್ನು ಊದಿ ಠೀವಿಯಿಂದ ಪಂಚಮಕ್ಕೆ ಹೋದೆ. ಅದು ಚಾವಣಿಗೆ ಹಾರಿತು. ಪಂಚಮವೂ ಅಲ್ಲ, ಧೈವತವೂ ಅಲ್ಲ, ನಡುವೆ ಎಲ್ಲೋ ಗಂಟಲು ಸಿಕ್ಕಿಕೊಂಡ ಕಿರುಚಾಟ. ಒಳಗೆ ಪಾತ್ರೆಯ ಸದ್ದು ಪೂರ್ತಿ ನಿಂತಿತು. ಮೇಷ್ಟ್ರು ನನ್ನ ಕೈಯಿಂದ ವಾದ್ಯವನ್ನು ತೆಗೆದುಕೊಂಡು, ಆ ತೂತಿನ ಮೇಲೆ ಬೆರಳಾಡಿಸಿದರು. ಅವರಿಗೆ ಗೇಜು ಬೇಕಾಗಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಸ್ಟ್ಯಾಂಡರ್ಡ್ ರೂಮು, ಇಪ್ಪತ್ತು ಡಿಗ್ರಿ, ರೀಮರು.

"ತಣ್ಣಗಿರೋ ವಾದ್ಯ ಇಳಿದೇ ಇರ್ತದೆ ಸಾರ್," ಎಂದರು. "ಉಸಿರು ತಾಕಿ ತಾಕಿ ಬಿಸಿ ಆದಂಗೆ ತಾನಾಗೇ ಮೇಲ್ ಬರ್ತದೆ. ಅದನ್ನ ಎಸಿ ರೂಮಲ್ಲಿ ಮಲಗಿಸಿ ಅಳೆದ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಅಪ್ಪನ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೀಲಿಗಳನ್ನು ಒಂದೊಂದಾಗಿ ಒರೆಸಿದರು. ಸಣ್ಣ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಸಣ್ಣದು ಮಾಡುವ ಯಂತ್ರ ಪೀಣ್ಯದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ಎಂದು ಜಗಲಿಯಿಂದ ಅಜ್ಜಿಯ ದನಿ ಬಂತು. ನೂರಕ್ಕೆ ನೂರು ನಿಜ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಆಗ ಮಂಜುಳಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ದಾರಕ್ಕೆ ಸವರುವ ಜೇನುಮೇಣದ ಚೂರೊಂದು ಅವಳ ಕೈಯಲ್ಲಿತ್ತು. ತಂದೆಯ ತೊಡೆಯ ಮೇಲಿದ್ದ ವಾದ್ಯವನ್ನು ಎತ್ತಿಕೊಂಡಳು, ಮೇಣವನ್ನು ಬೆರಳಲ್ಲಿ ನಾದಿದಳು, ತಲೆಯ ಪಿನ್ನು ತೆಗೆದು ಅದರ ತುದಿಯಿಂದ ತೂತಿನ ಒಳಗೋಡೆಗೆ ಮೆತ್ತಿದಳು. ಊದಿ ಸಾರ್ ಎಂದಳು. ಊದಿದೆ. ತಲೆ ಆಡಿಸಿ ಇನ್ನೊಂಚೂರು ಮೆತ್ತಿದಳು. ಮೂರನೆಯ ಸಲಕ್ಕೆ ಪಂಚಮ ತನ್ನ ಜಾಗಕ್ಕೆ ಬಂದು ಕೂತಿತು.

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದರು. ಕೆಂಡಾಮಂಡಲ. ಬ್ಯಾಂಡಿನ ವಾದ್ಯ ಹೆಣ್ಣುಮಕ್ಕಳು ಮುಟ್ಟುವುದಲ್ಲವೆಂದು ಎಷ್ಟು ಸಲ ಹೇಳಬೇಕು, ನಿಮ್ಮ ತಾತ ಇದ್ದಿದ್ದರೆ ಕೈ ಮುರಿಯುತ್ತಿದ್ದ ಎಂದು ಕೂಗಾಡಿದರು. ಅದು ದರ್ಜಿ ಕೆಲಸ ಅವ್ವಾ, ವಾದ್ಯದ ಕೆಲಸ ಅಲ್ಲ, ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಹುಡುಗಿ ಆಗಲೇ ಒಳಗೆ ಹೋಗಿದ್ದಳು. ತಲೆಯ ಮೇಲಿನ ಬಂಡೆ ಇಳಿದಂತಾಗಿ ನಾನು ಬೇರೇನನ್ನೂ ಯೋಚಿಸಲಿಲ್ಲ.

ಮದುವೆಯ ದಿನ ಬಂದೇ ಬಂತು. ದಾಸರಹಳ್ಳಿಯ ಛತ್ರ, ಮಾಘದ ಚಳಿ. ಗಿರಿಜಾ ಉಡುಗೊರೆಗೆಂದು ಗೋಡೆ ಗಡಿಯಾರವನ್ನು ಬಣ್ಣದ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಿದ್ದಳು. ಮುಹೂರ್ತಕ್ಕೆ ಮೊದಲು ಒಂದು ಗಂಟೆ ವಾದ್ಯವನ್ನು ಕೋಟಿನೊಳಗೆ ಎದೆಗವಚಿ ಬೆಚ್ಚಗೆ ಇಟ್ಟುಕೊಳ್ಳಿ ಎಂದು ಮೇಷ್ಟ್ರು ನೂರು ಸಲ ಹೇಳಿದ್ದರು. ನಾನೋ, ಹೆದರಿಕೆಯಲ್ಲಿ ಅದನ್ನು ಬಟ್ಟೆಯಿಂದ ಒರೆಸೀ ಒರೆಸೀ, ಕಿಟಕಿಯ ಪಕ್ಕದ ಕಬ್ಬಿಣದ ಕುರ್ಚಿಯ ಮೇಲಿಟ್ಟು ಕಾಫಿ ಕುಡಿಯುತ್ತಾ ನಿಂತೆ. ಪುರೋಹಿತರು ಕೂಗಿದಾಗ ಕೈಗೆತ್ತಿಕೊಂಡರೆ ಮಂಜಿನ ಗಡ್ಡೆ.

ಮಂಟಪದಲ್ಲಿ ಹುಡುಗಿ ಬಾಸಿಂಗ ಕಟ್ಟಿಕೊಂಡು ನನಗೆ ಎದುರಾಗಿ ನಿಂತಿದ್ದಳು, ಅವಳ ಕೈಮೇಲೆ ಹುಡುಗನ ಕೈ, ಅದರ ಮೇಲೆ ತೆಂಗಿನಕಾಯಿ. ಹಳೆಯ ಬ್ಯಾಂಡಿನವರು ಡೋಲಿನ ಮೇಲೆ ಕೋಲನ್ನೆತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಎಲ್ಲರ ಮುಷ್ಟಿಯಲ್ಲಿ ಅಕ್ಷತೆ. ಮೇಷ್ಟ್ರು ಹಾಲಿನ ತಂಬಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಊದಿದೆ. ಮೊದಲ ಸಾಲಿನ ಕೊನೆಗೆ ಪಂಚಮ ಬಂತು, ಇಳಿದೇ ಬಂತು. ಎಲ್ಲಿ ನೋಡಬೇಕೆಂದು ತಿಳಿಯದೆ ಮದುಮಗಳನ್ನು ನೋಡಿದೆ. ಅವಳು ಹುಬ್ಬನ್ನು ಮೇಲೆತ್ತಿದಳು, ಒಂಚೂರು. ನಾನು ತುಟಿ ಬಿಗಿದೆ. ಹುಬ್ಬು ಇನ್ನೂ ಏರಿತು. ಇನ್ನೂ ಬಿಗಿದೆ. ಹುಬ್ಬು ನಿಂತಿತು. ಎರಡನೆಯ ಸಾಲಿಗೆ ವಾದ್ಯ ಬಿಸಿಯಾಗತೊಡಗಿ ಸ್ವರ ಮೇಲೇರಿದಾಗ ಅವಳ ಕಣ್ಣು ಮೆಲ್ಲಗೆ ನೆಲದ ಕಡೆಗೆ ಇಳಿಯಿತು, ನಾನೂ ಅದರ ಹಿಂದೆಯೇ ಇಳಿದೆ. ಹೀಗೆ ನಾಲ್ಕು ಸಾಲೂ ಆ ಮುಖವನ್ನು ಓದಿಕೊಂಡೇ ನುಡಿಸಿದೆ. ಕೊನೆಯ ಪಂಚಮ ಸೇರಿತು. ಸೇರಿದಾಗ ನಿಜಕ್ಕೂ ಗೊತ್ತಾಗುತ್ತದೆ, ಮೈಯೆಲ್ಲ ಜುಮ್ಮೆಂದಿತು. ಡೋಲುಗಳು ಒಟ್ಟಿಗೇ ಬಿದ್ದವು, ಅಕ್ಷತೆ ಹಾರಿತು, ಮೇಷ್ಟ್ರು ಅಳುತ್ತಲೇ ಹಾಲೆರೆದರು.

ಊಟವಾದ ಮೇಲೆ ಅವರನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ಹಿಡಿದುಕೊಂಡೆ. ಸಂತೋಷಕ್ಕಿಂತ ನನಗೆ ಸಿಟ್ಟೇ ಹೆಚ್ಚಾಗಿತ್ತು. ಕಿವಿಯಿರುವುದು ನಿಮ್ಮ ಮಗಳಿಗೆ, ನನಗಲ್ಲ, ಇವತ್ತು ನುಡಿಸಿದ್ದೂ ಅವಳೇ ಎಂದೆ. ಒಂದೂಕಾಲು ವರ್ಷ ನನ್ನಂಥ ಕೋಣನ ಮುಂದೆ ಕಿನ್ನರಿ ಬಾರಿಸುವ ಬದಲು ಅವಳಿಗೇ ಕಲಿಸಬಾರದಿತ್ತೇ ಎಂದು ರೇಗಿದೆ.

ಮೇಷ್ಟ್ರು ತಾಯಿ ಎಲ್ಲಿದ್ದಾರೆಂದು ಒಮ್ಮೆ ಸುತ್ತ ನೋಡಿದರು.

"ಅವಳಿಗೇ ಕಲ್ಸಿದ್ದು ಸಾರ್," ಎಂದರು. "ನಮ್ಮವ್ವ ಇರೋ ಮನೇಲಿ ಎಣ್ಣುಡುಗೀನ ಎದುರಿಗೆ ಕೂರಿಸ್ಕೊಂಡು ಏಳ್ಕೊಡಕ್ಕಾಯ್ತದಾ? ಎದುರಿಗೆ ಕೂರಕ್ಕೆ ಒಬ್ಬರು ಬೇಕಿತ್ತು. ಬುಧವಾರದಿಂದ ಶನಿವಾರ ಅವಳು ಊದ್ದಂಗೆ ಬರೀ ಬೆರಳಾಡಿಸ್ತಿದ್ಲು, ಸದ್ದು ಬರಬಾರ್ದಲ್ಲ."

ಅವರು ನನ್ನ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕೋಬೇಡಿ. ನೀವು ಬೇಗ ಕಲ್ತುಬಿಡೋರಾಗಿದ್ರೆ ಪಾಠ ಆರು ತಿಂಗಳಿಗೇ ಮುಗ್ದೋಗಿರೋದು. ನೀವ್ ಸಿಕ್ಕಿದ್ದು ನಮ್ ಪುಣ್ಯ ಸಾರ್."

ಇಂಥ ಮಾತಿಗೆ ಏನು ಹೇಳುತ್ತೀರಿ? ನಾನು ಬೈಯಬೇಕೆಂದಿದ್ದೆ, ನಗು ಬಂತು. ಇನ್ನೊಂದು ಉಪಕಾರ ಆಗಬೇಕು ಎಂದರು ಅವರು, ಮೆಲ್ಲಗೆ. ಗಿರಿಜಾಳನ್ನು ಕರೆದು ವಿಷಯ ಹೇಳಿದೆವು. ಸ್ಟೋರು ಕೋಣೆಯಲ್ಲಿ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದು ಅವಳ ಬ್ಯಾಗಿಗೆ ಹಾಕಿದಳು. ಕ್ಲಾರಿಯೊನೆಟ್ಟನ್ನು ನಾನು ಐದು ತುಂಡಾಗಿ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಆ ಪೆಟ್ಟಿಗೆಯಲ್ಲಿಟ್ಟೆ. ಗಿರಿಜಾ ಅದೇ ಬಣ್ಣದ ಕಾಗದವನ್ನು ಮತ್ತೆ ಸುತ್ತಿ ಅಂಟಿಸಿದಳು. ನನ್ನ ಹೆಂಡತಿ ಇಷ್ಟು ಸಲೀಸಾಗಿ ಕಳ್ಳತನ ಮಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಹೆಣ್ಣನ್ನು ಕಳಿಸುವ ಹೊತ್ತಿಗೆ ಮದುಮಗಳ ಟ್ರಂಕಿನ ಮುಂದೆ ಅಜ್ಜಿ ಕೂತು, ಬಂದ ಸಾಮಾನನ್ನೆಲ್ಲ ತಾವೇ ಜೋಡಿಸುತ್ತಿದ್ದರು. ನಾನು ಪೆಟ್ಟಿಗೆಯನ್ನು ಕೊಟ್ಟೆ. ಏನಪ್ಪಾ ಇದು ಎಂದು ಕೇಳಿದರು. ಗೋಡೆ ಗಡಿಯಾರ ಎಂದೆ. ಅಜ್ಜಿ ಪೆಟ್ಟಿಗೆಯನ್ನು ಕಿವಿಗಿಟ್ಟುಕೊಂಡರು. ಮಂಜುಳಾ ಪಕ್ಕದಲ್ಲೇ ನಿಂತಿದ್ದಳು, ಉಸಿರಾಡುವುದನ್ನೇ ಬಿಟ್ಟಿದ್ದಳು.

"ಸದ್ದೇ ಇಲ್ವಲ್ಲಪ್ಪ."

"ಸೆಲ್ಲು ಹಾಕಿಲ್ಲ ಅಜ್ಜಿ. ಅವರ ಮನೆಗೆ ಹೋದ ಮೇಲೆ ಹಾಕ್ಕೋತಾಳೆ."

ಅಜ್ಜಿ ಅದನ್ನು ಕೈಯಲ್ಲಿ ತೂಗಿ ನೋಡಿದರು. ಭಾರವಾಗೈತೆ, ಒಳ್ಳೇ ಸಾಮಾನೇ ಕೊಟ್ಟವ್ರೆ, ಎಂದು ಮೊಮ್ಮಗಳಿಗೆ ಹೇಳಿದರು. ಅಲುಗಾಡದಿರಲೆಂದು ಎರಡು ರೇಷ್ಮೆ ಸೀರೆಯ ನಡುವೆ ಜಾಗ ಮಾಡಿ ಇಟ್ಟರು, ಮೇಲೊಂದು ಜಮಖಾನ ಹೊದಿಸಿದರು. ಟ್ರಂಕಿನ ಬೀಗವನ್ನೂ ಅವರೇ ಹಾಕಿದರು.